ಎಲ್‌ಕೆಜಿಯ ಜ್ವಾಲಾಮುಖಿ

ದೇಶದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಒಂದೇ, ಅದೂ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಇದು ಭೂಗೋಳದ ಪುಸ್ತಕದ ಮಾತು. ಬೆಂಗಳೂರಿನ ಎಲ್‌ಕೆಜಿ ವಿಜ್ಞಾನ ಪ್ರದರ್ಶನಕ್ಕೆ ಬನ್ನಿ, ಸಾಲುಗಟ್ಟಿ ಉಕ್ಕುತ್ತಿರುತ್ತವೆ. ಥರ್ಮೋಕೋಲ್ ಕೊರೆದವರು ಅಪ್ಪ, ಬಣ್ಣ ಬಳಿದವರು ಅಮ್ಮ, ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿಯುವವರು ಮಿಸ್ಸು. ವಿಜ್ಞಾನಿ ಮಾತ್ರ ಮಗು! ಮೊಣಕಾಲು ದಾಟಿದ ಬಿಳಿ ಕೋಟು, ಗಾಜಿಲ್ಲದ ಕನ್ನಡಕ, ಉರುಹೊಡೆದ ನಾಲ್ಕು ಸಾಲು ಇಂಗ್ಲಿಷು. "ಮುಟ್ಬೇಡ ಪುಟ್ಟಾ, ಬಿದ್ದೋಗತ್ತೆ" ಎಂಬುದೇ ಅದು ಅಂದು ಕಲಿತ ಏಕೈಕ ವೈಜ್ಞಾನಿಕ ನಿಯಮ. ಶಾಲೆಯ ಸುತ್ತೋಲೆಯಲ್ಲಿ 'ಮಕ್ಕಳೇ ಕೈಯಾರೆ ಮಾಡುವ ವಿಜ್ಞಾನ' ಎಂದಿತ್ತು. ಯಾರ ಕೈ ಅಂತ ಬರೆದಿರಲಿಲ್ಲ.

ಆ ನೊರೆಯೊಳಗಿರುವುದು ಇಂಗಾಲದ ಡೈಆಕ್ಸೈಡ್. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬಿ ನಿಲ್ಲುವುದೂ ಅದೇ ಅನಿಲದಿಂದ. ಮಲಗುವ ಮುಂಚೆ ಪಾತ್ರೆಗೆ ಒಂದು ಗುರುತು ಹಾಕಿ, ಬೆಳಿಗ್ಗೆ ಮಗುವಿಗೇ ನೋಡಲು ಹೇಳಿದರೆ ಪ್ರಯೋಗ ಮುಗಿಯಿತು, ತಿಂಡಿಯೂ ಆಯಿತು. ಆದರೆ ಇಡ್ಲಿ ಹಿಟ್ಟಿಗೆ ಟ್ರೋಫಿ ಕೊಡುವವರು ಯಾರು?

ಅದೇ ಮಗು ಮನೆಯಲ್ಲಿ ಬಕೆಟ್ಟಿಗೆ ಚಮಚ ಹಾಕುತ್ತದೆ, ಮುಳುಗಿತು. ಕಿತ್ತಳೆ ಹಾಕುತ್ತದೆ, ತೇಲಿತು. ಸಿಪ್ಪೆ ಸುಲಿದು ಹಾಕುತ್ತದೆ, ಮುಳುಗಿತು! ಭಾರ ಕಮ್ಮಿಯಾದ ಮೇಲೆ ಮುಳುಗುವುದು ಹೇಗೆ? ಸಿಪ್ಪೆಯೊಳಗೆ ಅಡಗಿದ್ದ ಗಾಳಿಯ ಸುಳಿವು ಸಿಗಬೇಕು ಅನ್ನುವಷ್ಟರಲ್ಲಿ ಬೆನ್ನಿಗೆ ಗುದ್ದು ಬಿದ್ದಿರುತ್ತದೆ: "ನೀರಾಟ ಸಾಕು, ಹೋಗಿ ಸೈನ್ಸ್ ಕಿಟ್ ತಗೊಂಡು ಆಡು."

ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬ್ ಇಟ್ಟುಕೊಂಡು ದಶಕಗಳ ಕಾಲ ಮಕ್ಕಳಿಗೆ ಆಟಿಕೆ ಮಾಡಿ ತೋರಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾವು ಚಪ್ಪಾಳೆ ತಟ್ಟಿ, ಅದೇ ಕೈಯಲ್ಲಿ ಆನ್‌ಲೈನ್‌ನಲ್ಲಿ ಕಿಟ್ ತರಿಸಿದೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದ ಮಕ್ಕಳು ಆಡುತ್ತಾ ಕಲಿಯಲಿ ಎಂದಿತು. ಶಾಲೆಗಳೂ ಒಪ್ಪಿದವು. ಆಟಕ್ಕೊಂದು ವರ್ಕ್‌ಶೀಟ್ ಮಾಡಿದವು, ಶುಲ್ಕ ಪ್ರತ್ಯೇಕ.

ಅಪ್ಪಂದಿರೇ, ಈ ಸಲ ಜ್ವಾಲಾಮುಖಿಗೆ ಬಹುಮಾನ ಬಂದರೆ ಪದಕ ನೀವೇ ಹಾಕಿಕೊಳ್ಳಿ, ದುಡಿದಿದ್ದೀರಿ. ಮಗುವಿಗೆ ಅರ್ಧ ಬಕೆಟ್ ನೀರು ಕೊಟ್ಟು ಪಕ್ಕದಲ್ಲೇ ಕೂತಿರಿ. ಫೋನು ಒಳಗಿರಲಿ, ಬಾಯಿ ಮುಚ್ಚಿರಲಿ.