ಹವಾಲ್ದಾರ್ ಕಾಕಾನ ಹುರಳಿ ಕಟ್ಟು

ಹುಬ್ಬಳ್ಳಿಯ ನಮ್ಮ ತಾರಿಹಾಳದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳ ಸುಟ್ಟ ಎಣ್ಣೆ, ಬೈಪಾಸಿನ ಲಾರಿಗಳ ಹೊಗೆ, ಎಲ್ಲವನ್ನೂ ಸೀಳಿಕೊಂಡು ಬಳ್ಳೊಳ್ಳಿ ಒಗ್ಗರಣೆಯ ಘಾಟು ಬಂತೆಂದರೆ ಬೇಲಿಯಾಚೆಯ ಕಾಕು ಹುರಳಿ ಕಟ್ಟಿನ ಸಾರು ಮಾಡಿದ್ದಾಳೆ ಎಂದು ಇಡೀ ಓಣಿಗೆ ತಿಳಿಯುತ್ತದೆ. ಬೇಲಿ ಎಂದರೆ ಹೆಸರಿಗಷ್ಟೇ. ನಾಲ್ಕು ಕಲ್ಲಿನ ಕಂಬ, ಎರಡೆಳೆ ತಂತಿ, ಅದರ ಮೇಲೊಂದು ತೊಂಡೆ ಬಳ್ಳಿ. ಬಳ್ಳಿಯ ಬೇರು ನಮ್ಮ ಕಡೆ, ಕಾಯಿ ಮಾತ್ರ ಅವರ ಕಡೆಗೇ ಬಿಡುತ್ತದೆ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಕಟ್ಟಿನ ಸಾರು ಈ ಕಡೆ ಬರುವವರೆಗೆ ನಾನೂ ದಾವೆ ಹೂಡುವುದಿಲ್ಲ.

ಕಾಕುವಿನ ಮನಸ್ಸಿಗೆ ಒಪ್ಪುವ ಕಟ್ಟಿಗೆ ಅವಸರ ನಡೆಯುವುದಿಲ್ಲ. ರಾತ್ರಿ ನೆನೆಹಾಕಿದ ಹುರಳಿಯನ್ನು ಬೆಳಿಗ್ಗೆ ಎರಡೆರಡು ಸಲ ಗಾಳಿಸಬೇಕು. ಹುರಳಿಯೊಳಗೆ ಹುರಳಿಯಷ್ಟೇ ಗಾತ್ರದ, ಹುರಳಿಯದೇ ಬಣ್ಣದ ಹರಳು ಅಡಗಿರುತ್ತದೆ, ಹಲ್ಲಿಗೆ ಸಿಕ್ಕಾಗಲೇ ಅದರ ಪರಿಚಯ. ಆಮೇಲೆ ದೊಡ್ಡ ಬೋಗಾಣಿಯಲ್ಲಿ ಧಾರಾಳ ನೀರು ಹೊಯ್ದು ಸಣ್ಣ ಉರಿಯಲ್ಲಿ ಕುದಿಸಿ, ಕಾಳು ಮೆತ್ತಗಾದ ಮೇಲೆ ಬಸಿದರೆ ಕೆಂಪುಕಂದು ಬಣ್ಣದ ಕಟ್ಟು. ಒಣಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಎರಡು ಲವಂಗ ಹುರಿದು, ಬೆಂದ ಹುರಳಿಯನ್ನೇ ಒಂದು ಹಿಡಿ ಸೇರಿಸಿ ರುಬ್ಬುತ್ತಾಳೆ. ಹುಣಸೆಹುಳಿ, ಬ್ಯಾಡಗಿ ಖಾರದ ಪುಡಿ, ಉಪ್ಪು, ಚೂರು ಬೆಲ್ಲ. ಉಳಿದ ಕಾಳು ಉಸುಳಿಯಾಗುತ್ತದೆ. ನೆಗಡಿಯಾದವರಿಗೆ, ಬಾಣಂತಿಗೆ, ಮಳೆಯಲ್ಲಿ ತೊಯ್ದು ಬಂದವರಿಗೆ ಇದೇ ಔಷಧ. ಹಿಂದೆ ಹೊಲದ ಎತ್ತಿಗೂ ದಂಡಿನ ಕುದುರೆಗೂ ಹುರಳಿಯೇ ಮೇವಾಗಿತ್ತು. ಹಾಗೆ ನೋಡಿದರೆ ಸೈನ್ಯದಲ್ಲಿ ಈ ಕಾಳಿನ ಸೇವಾವಧಿ ಕಾಕಾನದಕ್ಕಿಂತ ಬಹಳ ದೊಡ್ಡದು.

ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯ ಹವಾಲ್ದಾರ. ನಿವೃತ್ತನಾಗಿ ಎಷ್ಟು ಕಾಲವಾದರೂ ಓಣಿಗೆ ಅವನು ಹವಾಲ್ದಾರ್ ಕಾಕಾನೇ. ಬೆಳಗಾವಿಯಲ್ಲಿ ಭರತಿ ಆದವನು. 1768ರಲ್ಲಿ ಹುಟ್ಟಿದ ದಂಡು ಅದು, ಅದರ ರೆಜಿಮೆಂಟಲ್ ಸೆಂಟರ್ ಇರುವುದು ಬೆಳಗಾವಿಯಲ್ಲೇ. ಹೆಸರು ಮರಾಠಾ ಎಂದಿದ್ದರೂ ನಮ್ಮ ಕಡೆಯ ಹುಡುಗರು ಅದರಲ್ಲಿ ಹಿಂದಿನಿಂದಲೂ ಇದ್ದಾರೆ. ಲಡಾಯಿಯಲ್ಲಿ ಶಿವಾಜಿ ಮಹಾರಾಜರಿಗೆ ಜೈ ಅನ್ನುತ್ತಾರೆ, ಸೂಟಿಯ ಮೇಲೆ ಮನೆಗೆ ಬಂದಾಗ ‘ಏನವ್ವಾ, ಕಟ್ಟ ಮಾಡಿಯೇನು?’ ಅನ್ನುತ್ತಾರೆ.

ಮೊನ್ನೆ ಮಳೆ ಹಿಡಿದ ಸಂಜೆ ಕಾಕು ತಂತಿಯ ಮೇಲಿಂದ ವಾಟಗ ದಾಟಿಸುತ್ತ ಗಂಡನ ಮೇಲೆ ದೂರು ಹೇಳಿದಳು.

‘ನೋಡೋ ತಮ್ಮಾ, ಇವತ್ತೂ ಕುಕ್ಕರಿನಾಗ ಮಾಡ್ಸ್ಯಾರ. ಬೋಗಾಣ್ಯಾಗಿನ ರುಚಿ ಕುಕ್ಕರಿಗೆ ಎಲ್ಲಿಂದ ಬರಬೇಕು? ಕೇಳೂದ ಇಲ್ಲ. ಕುಕ್ಕರ ಅಂದ್ರ ಅವರಿಗೆ ಮನಿ ದೇವರ ಆಗೈತಿ.’

ಒಳಗಿನಿಂದ ಕಾಕಾ ಕೆಮ್ಮಿದ. ಆ ಕೆಮ್ಮಿನ ಅರ್ಥ ‘ನಾ ಕೇಳಾಕತ್ತೀನಿ’ ಎಂದು.

ಕಾಕಾನ ಕುಕ್ಕರ್ ಭಕ್ತಿಗೆ ಕಾರಣವಿದೆ. ನಮ್ಮ ಸೇನೆ ಸಿಯಾಚಿನ್ ಏರಿದ್ದು 1984ರ ಏಪ್ರಿಲ್ 13ರಂದು. ಅದಾಗಿ ಕೆಲವು ವರ್ಷಗಳಿಗೆ ಕಾಕಾನ ಪಲ್ಟನ್ನಿಗೂ ಆ ಪಾಳಿ ಬಂತು. ಹುಬ್ಬಳ್ಳಿಯಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 98 ಡಿಗ್ರಿಗೆ. 6,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಅರ್ಧಕ್ಕಿಂತಲೂ ಕಡಿಮೆ, ಹಾಗಾಗಿ 80 ಡಿಗ್ರಿಗೇ ನೀರು ಕೊತಕೊತ ಅನ್ನತೊಡಗುತ್ತದೆ. ನೋಡುವವರಿಗೆ ಭಾರಿ ಕುದಿ, ಒಳಗಿನ ಬೇಳೆಗೆ ಅದು ಸ್ನಾನದ ನೀರು. ದಿನವಿಡೀ ಉರಿ ಹಾಕಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಆ ನೀರಾದರೂ ಸುಮ್ಮನೆ ಸಿಗುವುದಿಲ್ಲ, ಸೀಮೆಎಣ್ಣೆ ಸ್ಟೋವಿನ ಮೇಲೆ ಹಿಮ ಕರಗಿಸಬೇಕು. ಪಾತ್ರೆ ತುಂಬ ಹಿಮ ತುಂಬಿದರೆ ತಳದಲ್ಲಿ ಒಂದಿಷ್ಟು ನೀರು. ಮುಚ್ಚಳ ಬಿಗಿದು ಹಬೆ ಹಿಡಿದಿಟ್ಟರೆ ಮಾತ್ರ ಒಳಗಿನ ಬಿಸಿ 100 ದಾಟಿ ಬೇಳೆ ಬೇಯುತ್ತದೆ. ಬಂದೂಕಿನಷ್ಟೇ ಜೋಪಾನವಾಗಿ ಕುಕ್ಕರಿನ ರಬ್ಬರನ್ನು ಕಾಯುತ್ತಿದ್ದೆವು ಎನ್ನುತ್ತಾನೆ ಕಾಕಾ.

‘ಒಮ್ಮೆ ರಬ್ಬರ್ ಹರೀತು,’ ಎಂದ, ಬಾಗಿಲಿಗೆ ಬಂದು ನಿಂತು. ‘ಹೊಸಾದು ಮ್ಯಾಲ ಬರೂತನಕಾ ಬರೇ ಪಾಕೀಟ ಸೂಪು. ಬಿಸಿ ನೀರಾಗ ಪುಡಿ ಕದಡೂದು, ಕುಡಿಯೂದು. ಮಗ್ಗಾ ತುಟಿಗೆ ಬರೂದ್ರಾಗ ಆರಿರ್ತಿತ್ತು. ಅಲ್ಲಿ ಹಸಿವಿ ಅನ್ನೂದ ಆಗಂಗಿಲ್ಲೋ. ಊಟ ಕಂಡ್ರ ವಾಕರಕಿ. ಉಸ್ತಾದ ಬೈದು ಬೈದು ಕುಡಸ್ತಿದ್ದ.’

‘ಆವಾಗ ಏನ ನೆನಪಾಗ್ತಿತ್ತು ಕಾಕಾ?’

‘ಮತ್ತೇನು, ಇದ,’ ಎಂದು ವಾಟಗ ತೋರಿಸಿದ.

‘ಹೌದ್ ಹೌದು, ಕಟ್ಟ ನೆನಪಾಗ್ತಿತ್ತಂತ, ಕಟ್ಟಿದಾಕಿ ನೆನಪಾಗ್ತಿದ್ದಿಲ್ಲಂತ,’ ಎಂದು ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಕಾ ಮತ್ತೆ ಕೆಮ್ಮಿದ. ಈ ಕೆಮ್ಮಿನ ಅರ್ಥ ಬೇರೆ.

ಆ ಪಾಕೀಟುಗಳ ಕಥೆಯಲ್ಲಿ ನಮ್ಮ ಕರ್ನಾಟಕದ್ದೂ ಒಂದು ಪಾಲಿದೆ. ಮೈಸೂರಿನಲ್ಲಿ 1961ರ ಡಿಸೆಂಬರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಚೀನಾ ಯುದ್ಧಕ್ಕೆ ಆಗ ಒಂದು ವರ್ಷವೂ ಉಳಿದಿರಲಿಲ್ಲ. ತಿಂಗಳುಗಟ್ಟಲೆ ಕೆಡದ ಚಪಾತಿ, ಬಿಸಿನೀರು ಹೊಯ್ದರೆ ಸಾಕೆನ್ನುವ ಉಪ್ಪಿಟ್ಟಿನ ಮಿಶ್ರಣ, ಚೀಲದೊಳಗೇ ಬೆಂದ ಪಲಾವು, ಇವೆಲ್ಲ ಅಲ್ಲಿನವರ ಕೈಗುಣ. ಇಂದು ಅಂಗಡಿಯಲ್ಲಿ ಸಿಗುವ, ಕತ್ತರಿಸಿ ಬಿಸಿಮಾಡಿ ತಿನ್ನುವ ಊಟದ ಚೀಲಗಳಿಗೂ ಆ ವಿದ್ಯೆ ಹರಿದು ಬಂದಿದೆ. ಕಾಕಾ ಆ ಉಪ್ಪಿಟ್ಟನ್ನು ಹೊಗಳುತ್ತಾನೆ. ಹುರಳಿ ಕಟ್ಟಿನ ಪುಡಿ ಯಾಕೆ ಮಾಡಲಿಲ್ಲ ಎಂಬ ತಕರಾರು ಮಾತ್ರ ಇಟ್ಟುಕೊಂಡಿದ್ದಾನೆ. ‘ಮೈಸೂರಿನವರು ನೋಡು, ಪಾಪ, ಅವರಿಗೆ ಗೊತ್ತಾಗಿಲ್ಲ’ ಎನ್ನುತ್ತಾನೆ. ಮೈಸೂರು ಕಡೆಯವರೂ ಹುರಳಿ ಸಾರನ್ನು ಸೊಗಸಾಗಿ ಮಾಡುತ್ತಾರೆಂದು ನಾನು ಹೇಳಿ ನೋಡಿದೆ. ಹವಾಲ್ದಾರರ ಜೊತೆ ವಾದ ಮಾಡಬಾರದು.

ಈಗ ನಮ್ಮ ಭಾಗದಲ್ಲಿ ಹೊಸ ಪದ್ಧತಿ ಬಂದಿದೆ, ನೀವೂ ನೋಡಿರಬೇಕು. ಯೋಧ ನಿವೃತ್ತನಾಗಿ ಬಂದರೆ ರೈಲು ನಿಲ್ದಾಣದಿಂದಲೇ ತೆರೆದ ಜೀಪು, ಡಿಜೆ, ಆಳೆತ್ತರದ ಹಾರ, ಊರ ತುಂಬ ಬ್ಯಾನರ್. ನನಗದು ಇಷ್ಟವೇ. ಸಿನಿಮಾ ನಟನಿಗೆ, ಗೆದ್ದ ಕೌನ್ಸಿಲರನಿಗೆ ಹಾಕುವ ಹಾರ ಇವರಿಗೂ ಬೀಳಲಿ. ಆದರೆ ಜೀಪು ಇಳಿದ ಮರುತಿಂಗಳು ಆತ ಎಲ್ಲಿರುತ್ತಾನೆ ಎಂದು ನಮ್ಮ ಇಂಡಸ್ಟ್ರಿಯಲ್ ಏರಿಯಾಕ್ಕೆ ಬಂದು ನೋಡಬೇಕು. ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕುಳಿತು ಲಾರಿ ನಂಬರು ಬರೆದುಕೊಳ್ಳುತ್ತಿರುತ್ತಾನೆ. ನಲವತ್ತರ ಆಸುಪಾಸಿಗೇ ಪೆನ್ಶನ್ ಆದವನಿಗೆ ಮಕ್ಕಳ ಶಾಲೆ, ಮನೆಯ ಸಾಲ ಎರಡೂ ಆಗಷ್ಟೇ ಶುರುವಾಗಿರುತ್ತವೆ. ಅವನಿಗೆ ಸೆಲ್ಯೂಟ್ ಹೊಡೆಯುವವರಿಲ್ಲ, ಬಂದ ಸಾಹೇಬರ ಕಾರಿಗೆ ಅವನೇ ಹೊಡೆಯಬೇಕು. ಕಾಕಾನೂ ಕೆಲವು ವರ್ಷ ಹಾಗೆ ಕುಳಿತವನೇ.

ಕಾಕಾ ನಿವೃತ್ತನಾದ ಕಾಲಕ್ಕೆ ಜೀಪೂ ಇರಲಿಲ್ಲ, ಡಿಜೆಯೂ ಇರಲಿಲ್ಲ. ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆದ ಕರೀ ಟ್ರಂಕನ್ನು ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಬಂದಿಳಿದ.

‘ಬ್ಯಾಂಡೂ ನಾನ, ಬಾಜಾನೂ ನಾನ,’ ಎಂದಳು ಕಾಕು. ‘ಆರತಿ ಮಾಡಿ ಒಳಗ ಕರಕೊಂಡೆ. ಎರಡ ವಾಟಗ ಕಟ್ಟ ಕುಡದು ಮಲಗಿದವರು ಮರುದಿನ ಮಧ್ಯಾಹ್ನಕ್ಕ ಎದ್ರು. ಅಷ್ಟ ವರ್ಷದ ನಿದ್ದಿ. ಅದಕ್ಕೂ ಮೊದಲ ಅವರು ಎಲ್ಲಿ ಅದಾರ ಅನ್ನೂದ ನನಗ ಗೊತ್ತಾಗ್ತಿದ್ದಿಲ್ಲ ತಮ್ಮಾ. ಕಾಗದದ ಮ್ಯಾಲ ಊರ ಹೆಸರ ಇರ್ತಿದ್ದಿಲ್ಲ. ಬರೇ ಐವತ್ತಾರು ಎಪಿಓ. ಹಿಮಾ ಬೀಳೂ ಕಡೆ ಇದ್ರೂ ಅದ, ಬಿಸಲಾಗ ಇದ್ರೂ ಅದ.’

ದಂಡಿನಲ್ಲಿದ್ದವನಿಗೆ ಪದಕ ಕೊಡುತ್ತಾರೆ, ಪೆನ್ಶನ್ ಕೊಡುತ್ತಾರೆ. 56 ಎಪಿಓ ಎಂಬ ಸೇನಾ ಅಂಚೆಯ ಊರಿಗೆ ವರ್ಷಾನುಗಟ್ಟಲೆ ಕಾಗದ ಬರೆದು, ಹೊಲ ಮನೆ ಅತ್ತೆ ಮಾವ ನೋಡಿಕೊಂಡವಳ ಸೇವೆಗೆ ಯಾವ ರಿಜಿಸ್ಟರೂ ಇಲ್ಲ. ಮನೆಯಲ್ಲೊಬ್ಬ ಯೋಧನಿದ್ದಾನೆ ಎಂದಾಗ ನಾನು ಈಗೀಗ ಇಬ್ಬರೆಂದೇ ಲೆಕ್ಕ ಹಿಡಿಯುತ್ತೇನೆ.

ಫೆಬ್ರವರಿ ಬಂತೆಂದರೆ ಈ ಮನೆಯಲ್ಲಿ ಒಂದು ದಿನ ಕಟ್ಟಿನ ಸಾರು ಬೋಗಾಣಿಯಲ್ಲೇ ಆಗುತ್ತದೆ, ಅಂದು ಕಾಕಾ ಕುಕ್ಕರಿನ ಸುದ್ದಿ ಎತ್ತುವುದಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ ಸೋನಂ ಪೋಸ್ಟಿನ ಮೇಲೆ ಹಿಮಗೋಡೆ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನದ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ, ಮತ್ತು ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಎಲ್ಲರೂ ಹೋದರೆಂದೇ ದೇಶ ನಂಬಿತ್ತು. ಡಾಟ್, ಮಿಶಾ ಎಂಬ ನಾಯಿಗಳು ಮೂಸಿ ತೋರಿಸಿದ ಜಾಗದಲ್ಲಿ ಬಂಡೆಯಂತಾಗಿದ್ದ ಹಿಮ ಕೊರೆದವರಿಗೆ 8ನೇ ತಾರೀಖು ಹನುಮಂತಪ್ಪ ಉಸಿರಾಡುತ್ತಿದ್ದುದು ಕಂಡಿತು. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಅಪಾಯದ ಜಾಗಗಳಲ್ಲೇ ಕಳೆದವರು ಅವರು.

ಮರುದಿನ ದಿಲ್ಲಿ ಆಸ್ಪತ್ರೆಗೆ ಒಯ್ದರು. ಆ ಮೂರು ದಿನ ಹುಬ್ಬಳ್ಳಿ-ಧಾರವಾಡದಲ್ಲಿ ಪೂಜೆಯಾಗದ ಗುಡಿ ಇಲ್ಲ, ದುವಾ ಮಾಡದ ದರ್ಗಾ ಇಲ್ಲ. ಕಾಕಾ ಟಿವಿ ಮುಂದಿನಿಂದ ಏಳಲಿಲ್ಲ. ‘ಟೆಂಟಿನಾಗ ಗಾಳಿ ಉಳದಿರಬೇಕು’ ಎಂದಷ್ಟೇ ಅಂದದ್ದು ನೆನಪು. ಕಾಕು ಮಾತ್ರ ತನಗೆ ಗೊತ್ತಿದ್ದ ಒಂದೇ ವೈದ್ಯ ಹೇಳಿದಳು: ‘ಎಚ್ಚರ ಆದ ಕೂಡಲೆ ಬಿಸಿ ಕಟ್ಟ ಕುಡಸ್ರಿ ಅಂತ ಯಾರರ ಡಾಕ್ಟರಿಗೆ ಹೇಳ್ರೋ.’ ಯಾರೂ ನಗಲಿಲ್ಲ. 11ರಂದು ಅವರು ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನಸಾಗರ ಸೇರಿತು, 12ರಂದು ಬೆಟದೂರಿನಲ್ಲಿ ಮಣ್ಣು ಕೊಟ್ಟರು. ಮರಣೋತ್ತರ ಸೇನಾ ಪದಕವೂ ಬಂತು. ಕಾಕಾ ಮೈದಾನದ ಸಾಲಿನಲ್ಲಿ ನಿಂತು ಸೆಲ್ಯೂಟ್ ಮಾಡಿ ಬಂದ. ಕಾಕು ಹೋಗಲಿಲ್ಲ, ಬೋಗಾಣಿ ಇಟ್ಟಳು. ಅಂದಿನಿಂದ ನಡೆದುಬಂದ ರೂಢಿ ಇದು. ಕಾರಣ ಯಾರೂ ಹೇಳುವುದಿಲ್ಲ, ಓಣಿಯ ಮಂದಿ ವಾಟಗ ಹಿಡಿದು ಬರುತ್ತಾರೆ.

ಮಾತು ಭಾರವಾಯಿತೆಂದು ಕಾಕುಗೇ ಅನಿಸಿತೇನೋ, ‘ಆ ಸಾಲಿ ಭಾಷಣದ ಕಥಿ ಹೇಳ್ರಿ ತಮ್ಮಗ’ ಎಂದು ಕಾಕಾನನ್ನು ಕೆಣಕಿದಳು.

ಒಂದು ಆಗಸ್ಟ್ 15ಕ್ಕೆ ಶಾಲೆಯೊಂದರವರು ಕಾಕಾನನ್ನು ಕರೆದು ಶಾಲು ಹೊದಿಸಿ, ಕಾಯಿ ಕೊಟ್ಟು, ಎರಡು ಮಾತು ಆಡಿ ಎಂದರಂತೆ. ಕಾಕಾ ಎದ್ದು ನಿಂತು ಎತ್ತರದಲ್ಲಿ ಬೇಳೆ ಯಾಕೆ ಬೇಯುವುದಿಲ್ಲ ಎಂದು ಶುರುಮಾಡಿದ. ಹಿಮ ಕರಗಿಸುವುದು, ಸ್ಟೋವಿಗೆ ಗಾಳಿ ಹೊಡೆಯುವುದು, ಕುಕ್ಕರಿನ ರಬ್ಬರು. ಗುಂಡಿನ ಸದ್ದಿಗೆ ಕಾದಿದ್ದ ಗುರುಗಳು ಪೇಚಿಗೆ ಬಿದ್ದರು. ಹುಡುಗರೋ, ಮಿಠಾಯಿ ಮರೆತು ಕೇಳಿದರು. ಕೊನೆಗೊಬ್ಬ ಹುಡುಗ ಎದ್ದು, ‘ಅಜ್ಜಾ, ಹಂಗಾದ್ರ ಅಲ್ಲಿ ಎಷ್ಟ ಸೀಟಿ ಹೊಡಸ್ಬೇಕ್ರಿ?’ ಎಂದನಂತೆ. ನಿವೃತ್ತನಾದ ಮೇಲೆ ತನಗೆ ಯಾರಾದರೂ ಕೇಳಿದ ಕೆಲಸದ ಪ್ರಶ್ನೆ ಅದೊಂದೇ ಎನ್ನುತ್ತಾನೆ ಕಾಕಾ.

ಈ ವರ್ಷವೂ ಕರೆ ಬಂದಿದೆ. ಈ ಸಲ ಸರಿಯಾದ ಭಾಷಣವೇ ಬೇಕೆಂದು ಗುರುಗಳು ಹೇಳಿ ಕಳಿಸಿದ್ದಾರೆ. ನಾನು ಕಾರ್ಗಿಲ್, ತೋಲೋಲಿಂಗ್, ತ್ಯಾಗ, ಬಲಿದಾನ ಎಲ್ಲ ಹಾಕಿ ಬರೆದುಕೊಟ್ಟೆ. ಕಾಕಾ ಕನ್ನಡಕ ಏರಿಸಿ ಓದಿದ, ಹಾಳೆ ತಿರುವಿ ಹಿಂದೆಯೂ ನೋಡಿದ.

‘ಛಲೋ ಬರದಿಯೋ. ಆದ್ರ ಇದ್ರಾಗ ಕುಕ್ಕರ ಎಲ್ಲೈತಿ?’

‘ಒಯ್ರಿ, ಕುಕ್ಕರನ ಸ್ಟೇಜಿನ ಮ್ಯಾಲ ಒಯ್ದು ಇಡ್ರಿ,’ ಎಂದಳು ಕಾಕು. ‘ಅದಕ್ಕ ಶಾಲು ಹೊದಸ್ಲಿ. ಸಂಜಿಕ ತಿಕ್ಕಿ ತೊಳದು ತಂದಿಡ್ರಿ ಅಷ್ಟ.’