ಗಣಿತ ಬಿಟ್ಟು ಗಣತಿ

(ಸರ್ಕಾರಿ ಶಾಲೆ ಎದುರಿನ ಟೀ ಅಂಗಡಿ)

ಈರಣ್ಣ: ಏನ್ ಮೇಷ್ಟ್ರೇ, ಗಣಿತ ಬಿಟ್ಟು ಬೀದೀಲಿದ್ದೀರಿ?

ಮೇಷ್ಟ್ರು: ಗಣತಿ ಕಣಪ್ಪಾ. ಆಮೇಲೆ ವೋಟರ್ ಲಿಸ್ಟು, ಮಧ್ಯೆ ಬಿಸಿಯೂಟದ ಮೊಟ್ಟೆ ಲೆಕ್ಕ.

ಈರಣ್ಣ: 2009ರ ಶಿಕ್ಷಣ ಹಕ್ಕು ಕಾಯ್ದೇಲಿ ಬೇರೆ ಕೆಲಸ ಕೊಡಬಾರದು ಅಂತಿದೆಯಂತೆ?

ಮೇಷ್ಟ್ರು: ಇದೆ. ಜನಗಣತಿ, ಚುನಾವಣೆ, ವಿಪತ್ತು ಬಿಟ್ಟು.

ಈರಣ್ಣ: ಕ್ಲಾಸಲ್ಲಿ ಮೇಷ್ಟ್ರಿಲ್ಲದ್ದು ವಿಪತ್ತಲ್ವಾ?

ಮೇಷ್ಟ್ರು: ಅದಕ್ಕೆ ಕಾಲಂ ಇಲ್ಲ. ಅಂದ್ಹಾಗೆ ಎಸ್‌ಡಿಎಂಸಿ ಅಧ್ಯಕ್ಷರೇ, ನಿಮ್ಮ ಮಕ್ಕಳು?

ಈರಣ್ಣ: ಮಗಳು ಇಲ್ಲೇ. ಮಗ ಕಾನ್ವೆಂಟು. ಅಧ್ಯಕ್ಷನಾಗೋಕೆ ಒಂದು ಮಗು ಇಲ್ಲಿದ್ರೆ ಸಾಕಲ್ವಾ?

ಮೇಷ್ಟ್ರು: ಮಕ್ಕಳು ಕಮ್ಮಿ ಅಂತ ಶಾಲೆ ಮುಚ್ಚಿದ್ರೆ?

ಈರಣ್ಣ: ಬಿಡ್ತೀವಾ! ನಾಳೆನೇ ‘ಕನ್ನಡ ಶಾಲೆ ಉಳಿಸಿ’ ಮೆರವಣಿಗೆ. ಮಗನ್ನ ಕಾನ್ವೆಂಟ್ ಬಸ್ ಹತ್ತಿಸಿ ಬಂದೇ ಬರ್ತೀನಿ!