ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ: ಒಂದು ಹಾಳೆತಟ್ಟೆ ಕರಾರಿನ ಗ್ರಂಥಸಂಪಾದನೆ

ಇಲ್ಲಿ ಸಂಪಾದಿಸಿರುವ ಕೃತಿಯ ಏಕೈಕ ಪ್ರತಿ ದೊರೆತದ್ದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನನ್ನ ಭಾವಮೈದುನನ ಮನೆಯ ಬೀರುವಿನೊಳಗೆ, ರೇಷ್ಮೆ ಸೀರೆಗಳ ಅಡಿಯಲ್ಲಿ. ಪತ್ರಗಳು ಆರು. ಮೊದಲನೆಯದು ಇ-ಸ್ಟ್ಯಾಂಪ್ ಕಾಗದ. ಅದರ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದೆ. ಮೂರನೆಯ ಪತ್ರದ ಮೇಲೆ ಕಾಫಿ ಲೋಟದ ಗುರುತು. ಗೆದ್ದಲು ಮುಟ್ಟಿಲ್ಲ. ಮುಟ್ಟಿದ್ದರೇ ಚೆನ್ನಾಗಿತ್ತು ಎಂಬುದು ಕರ್ತೃವಿನ ಹೆಂಡತಿಯ ಮತ.

ಕಥಾವಸ್ತು ಸರಳ. ಭಾವಮೈದುನ ಅಡಿಕೆ ಹಾಳೆಯಿಂದ ತಟ್ಟೆ ಒತ್ತುತ್ತಾನೆ. ಬೆಂಗಳೂರಿನ ವ್ಯಾಪಾರಿಯೊಬ್ಬರು ಅದನ್ನು ಕೊಳ್ಳುತ್ತಿದ್ದರು. ಆಷಾಢದ ಮಳೆಯಲ್ಲಿ ಹಾಳೆ ಸರಿಯಾಗಿ ಒಣಗಲಿಲ್ಲ, ತಟ್ಟೆಗೆ ಬೂಷ್ಟು ಬಂತು, ದುಡ್ಡು ಬರಲಿಲ್ಲ. ಬಾಕಿ 7 ಲಕ್ಷ. ಅಲ್ಲಿಂದಾಚೆ ಈ ಕೃತಿಗೆ ವ್ಯಾಖ್ಯಾನಕಾರರು ಬೇಕಾದರು.

ಮೊದಲು ಕರ್ತೃತ್ವದ ಪ್ರಶ್ನೆ. ‘ಇದನ್ನು ಬರೆದವರು ಯಾರು ಮಾರಾಯ?’ ಎಂದರೆ ‘ನಾವೇ ಕೂತು ಬರೆಸಿದ್ದು ಭಾವ’ ಎನ್ನುತ್ತಾನೆ. ಕವಿಗಳ ಆತ್ಮಕಥನವನ್ನು ನಂಬುವ ಕಾಲ ಹೋಯಿತು. ಆಂತರಿಕ ಪ್ರಮಾಣಗಳನ್ನೇ ನೋಡಬೇಕು. 14ನೆಯ ಷರತ್ತು ಹೀಗಿದೆ: ‘ಎರಡನೇ ಪಾರ್ಟಿಯವರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.’ ಇಡೀ ಕೃತಿಯಲ್ಲಿ ಗೋಡೆ ಇನ್ನೆಲ್ಲೂ ಬರುವುದಿಲ್ಲ. ಗೋಡೆಯೆಂದರೆ ಮಾರುವವನಿಗೂ ಕೊಳ್ಳುವವನಿಗೂ ನಡುವಿನ ನಂಬಿಕೆ, ಮೊಳೆಯೆಂದರೆ ಸಂಶಯ ಎಂದು ಧ್ವನಿವಾದಿಗಳು ಅರ್ಥ ಹೇಳಿಯಾರು. ನಾನು ಒಪ್ಪುವುದಿಲ್ಲ. ಏಕೆಂದರೆ 3ನೆಯ ಷರತ್ತಿನಂತೆ ಕರಾರಿನ ಅವಧಿ ಹನ್ನೊಂದು ತಿಂಗಳು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ. ಹಾಗಾಗಿ ಮನೆ ಬಾಡಿಗೆಗೆ ಕೊಡುವವರೆಲ್ಲ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಹಾಳೆತಟ್ಟೆಗೆ ಆ ಭಯವಿಲ್ಲ. ಆದ್ದರಿಂದ ಈ ಕೃತಿಯ ಮಾತೃಕೆ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಯಾವುದೋ ಬಾಡಿಗೆ ಕರಾರು ಎಂಬುದು ನಿಸ್ಸಂಶಯ.

ಆದರೆ 19ನೆಯ ಷರತ್ತಿಗೆ ಬಂದಾಗ ಸಂಶೋಧಕ ಬೆವರುತ್ತಾನೆ. ತಕರಾರು ಬಂದಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಕಾನೂನು ಅನ್ವಯಿಸತಕ್ಕದ್ದು ಎಂದಿದೆ. ಸಾಗರದವನು ಬೆಂಗಳೂರಿಗೆ ತಟ್ಟೆ ಕಳಿಸುವುದಕ್ಕೂ ಡೆಲವೇರಿಗೂ ಯಾವ ಹೊಳೆಯ ಸಂಬಂಧವೂ ಕಾಣದು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಬೇರೊಂದು ಪರಂಪರೆಯ ಪಾಠ ಇಲ್ಲಿ ಬೆರೆತಿದೆ, ಈ ಭಾಗ ಪ್ರಕ್ಷಿಪ್ತ. ಲಿಪಿಕಾರನಿಗೂ ಅನುಮಾನ ಬಂದಿತ್ತಂತೆ. ‘ತೆಗೀಲಾ ಅಂತ ಕೇಳಿದ್ರು ಭಾವ. ಇರ್ಲಿ ಬಿಡಿ, ಒಂದು ತೂಕ ಬರುತ್ತೆ ಅಂದೆ.’

ಇಷ್ಟೆಲ್ಲ ಇದ್ದೂ ಇರಬೇಕಾದ್ದು ಇಲ್ಲ. ದುಡ್ಡು ಕೊಡುವ ವಾಯಿದೆಯ ಜಾಗದಲ್ಲಿ ‘____ ದಿನಗಳೊಳಗೆ’ ಎಂಬ ಗ್ರಂಥಪಾತ. ತಟ್ಟೆ ಹೇಗಿರಬೇಕು ಎಂಬಲ್ಲಿ ‘ಒಳ್ಳೆ ಕ್ವಾಲಿಟಿ’. ಅರ್ಥ ನಿಶ್ಚಯವಾಗದ, ನಿಶ್ಚಯಿಸಲೂ ಬಾರದ ಒಪ್ಪಂದ ಅನೂರ್ಜಿತ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 29ನೆಯ ಕಲಂ. ಮಳೆಗಾಲದ ಹಾನಿ ಯಾರ ತಲೆಗೆ ಎಂಬ ವಿಚಾರವಂತೂ ಕೃತಿಯಲ್ಲಿ ಸುಳಿದೇ ಇಲ್ಲ. ಕೇಳಿದರೆ ಮೂರಕ್ಕೂ ಉತ್ತರ ಒಂದೇ: ‘ಅದೇನ್ರೀ, ನಮ್ಮನಮ್ಮಲ್ಲೇನು ಅಂದ್ರು ಭಾವ.’

ಈ ‘ನಮ್ಮನಮ್ಮಲ್ಲೇನು’ ಎಂಬುದೇ ಕೃತಿಯ ಜೀವಾಳ, ಬರೆಯದೆ ಉಳಿದ ಮೂಲ ಷರತ್ತು ಎಂಬುದು ಪ್ರಸ್ತುತ ಸಂಶೋಧಕನ ಸಿದ್ಧಾಂತ. ವ್ಯಾಕರಣದ ದೃಷ್ಟಿಯಿಂದ ಇಲ್ಲಿ ಉತ್ತಮಪುರುಷ ಬಹುವಚನದ ದ್ವಿರುಕ್ತಿಯಿದೆ, ಕ್ರಿಯಾಪದ ಲೋಪವಾಗಿದೆ. ಕಾಲಕ್ಕೆ ತಕ್ಕಂತೆ ಅರ್ಥವೂ ಪಲ್ಲಟವಾಗುತ್ತದೆ. ಸರಕು ಹೋಗುವ ಮುಂಚೆ ‘ನಮ್ಮ ನಡುವೆ ಬರೆದಿಡುವಂಥದ್ದೇನಿದೆ?’ ಎಂದರ್ಥ. ಸರಕು ಹೋದ ಮೇಲೆ ‘ನಮ್ಮ ನಡುವೆ ಏನಿದೆ?’ ಎಂದಷ್ಟೇ.

ಹಳೆಯ ಕನ್ನಡಿಗರು ಇಂಥ ಮಾತಿಗೆ ಮರುಳಾದವರಲ್ಲ. ದಾನಶಾಸನಗಳ ಕೊನೆಯ ಸಾಲುಗಳನ್ನು ನೋಡಿ: ಇದನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ, ಮೇಲೆ ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಾಳುವ ಶಿಕ್ಷೆ. ದಾನಕ್ಕೂ ವ್ಯಾಪಾರಕ್ಕೂ ಗಂಟು ಹಾಕಬೇಡಿ ಎಂದು ಶಾಸನತಜ್ಞರು ಮುನಿಯಬಹುದು, ಮುನಿಯಲಿ. ದಂಡದ ಷರತ್ತು ಎಂದರೆ ಹಾಗಿರಬೇಕು. ಇಂದು ಅದು ಪೂರ್ತಿ ನಿಲ್ಲುವುದಿಲ್ಲ, ಅದು ಬೇರೆ ಮಾತು. ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಅದು ಮೇಲ್ಮಿತಿ ಮಾತ್ರ, ಅದರೊಳಗೆ ನ್ಯಾಯವೆನಿಸುವ ಪರಿಹಾರವಷ್ಟೇ ಸಲ್ಲುತ್ತದೆ ಎಂಬುದು ಅದೇ ಕರಾರು ಕಾಯ್ದೆಯ 74ನೆಯ ಕಲಂ. ಒಳ್ಳೆಯ ವಕೀಲರು ಹುಳುವಿನ ಅವಧಿಯನ್ನು ವಾದಿಸಿ ಇನ್ನೂರು ವರ್ಷಕ್ಕೆ ಇಳಿಸಿಯಾರು. ನಮ್ಮ ಕೃತಿಯಲ್ಲಿ ಇಳಿಸಲಿಕ್ಕೂ ಒಂದು ಹುಳುವಿಲ್ಲ.

ಇನ್ನು ಮೌಖಿಕ ಪರಂಪರೆ. ತಟ್ಟೆಯೊಂದಕ್ಕೆ ಐವತ್ತು ಪೈಸೆ ಏರಿಸುವ ಮಾತು ಕಾಗದದಲ್ಲಿಲ್ಲ, ಫೋನಿನಲ್ಲಿ ಆದದ್ದು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಭಾವಮೈದುನ ರಾತ್ರಿ ಒಂಬತ್ತೂವರೆಗೆ ಟಾರ್ಚು ಹಿಡಿದು ಕಾಡಿನಂಚಿನ ಗುಡ್ಡ ಹತ್ತಿ ಕೇಳಿದ, ಅತ್ತಣಿಂದ ಒಪ್ಪಿಗೆ ಬಂತು. ಹಾಗಾದರೆ ಒಪ್ಪಂದ ಹುಟ್ಟಿದ್ದೆಲ್ಲಿ? ಅಹಮದಾಬಾದಿನವರಿಗೂ ಖಾಮಗಾಂವ್‌ನವರಿಗೂ ಹತ್ತಿಬೀಜದ ಹಿಂಡಿಯ ವಿಷಯದಲ್ಲಿ ಇದೇ ಜಗಳವಾಗಿ, 1965ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ತೀರ್ಮಾನಿಸಿದೆ: ಫೋನಿನಲ್ಲಾದರೆ ಒಪ್ಪಿಗೆ ಕಿವಿಗೆ ಬಿದ್ದಲ್ಲೇ ಕರಾರು ಹುಟ್ಟುತ್ತದೆ. ಅಂದರೆ ನಮ್ಮ ಗುಡ್ಡದ ಮೇಲೆ. ತೊಡಕೇನೆಂದರೆ ಪಾಠಾಂತರ. ಭಾವಮೈದುನನ ಕಿವಿಗೆ ಬಿದ್ದದ್ದು ‘ಆಯ್ತು, ಮಾಡಿ’. ತಾವು ಹೇಳಿದ್ದು ‘ಆಯ್ತು, ನೋಡೋಣ’ ಎಂದು ವ್ಯಾಪಾರಿಯ ವಾದ. ಗಾಳಿಯೂ ಇತ್ತು. ಕೌಟಿಲ್ಯನನ್ನು ಕೇಳಿದರಂತೂ ಕೇಸೇ ಮುಗಿಯುತ್ತದೆ. ರಾತ್ರಿ ಮಾಡಿದ್ದು, ಕಾಡಿನಲ್ಲಿ ಮಾಡಿದ್ದು, ಗುಟ್ಟಾಗಿ ಮಾಡಿದ್ದು ಇವೆಲ್ಲ ಸಲ್ಲದ ವ್ಯವಹಾರಗಳು ಎಂದು ಅರ್ಥಶಾಸ್ತ್ರದಲ್ಲಿದೆ. ಕಾಡಿನಲ್ಲೇ ತಿರುಗುವವರಿಗೆ ವಿನಾಯಿತಿಯಿದೆ. ಅಡಿಕೆ ತೋಟವನ್ನು ಕಾಡೆಂದು ಒಪ್ಪಿಸಲು ಯತ್ನಿಸಿದೆ, ಮನೆಯವರಿಗೇ ಒಪ್ಪಿಗೆಯಾಗಲಿಲ್ಲ.

ವ್ಯಾಖ್ಯಾನಕಾರರ ವಿಚಾರ. ಬಾರ್ ಕೌನ್ಸಿಲ್ ನಿಯಮದಂತೆ ವಕೀಲರು ಜಾಹೀರಾತು ಹಾಕುವಂತಿಲ್ಲ, ಗೆದ್ದರೆ ಇಷ್ಟು ಪಾಲು ಎಂದು ಫೀಸು ಮಾತಾಡುವಂತೆಯೂ ಇಲ್ಲ. ಆದಕಾರಣ ನಮ್ಮ ಕಡೆ ವಕೀಲರನ್ನು ಹುಡುಕುವ ಏಕೈಕ ಪ್ರಮಾಣಗ್ರಂಥ ಷಡ್ಡಕ. ಷಡ್ಡಕ ತೋರಿಸಿದವರು ಅಜ್ಜನ ಕಾಲದ ಪಾಲಿನ ವ್ಯಾಜ್ಯವನ್ನು ಇಪ್ಪತ್ತೆರಡು ವರ್ಷ ನಡೆಸಿ ಗೆಲ್ಲಿಸಿಕೊಟ್ಟ ಹಿರಿಯರು. ತಟ್ಟೆಯನ್ನೂ ಅವರು ಪಾಲಿನಂತೆಯೇ ಕಂಡು ನೇರ ದಾವೆ ಹೂಡಿದರು. ವ್ಯಾಪಾರದ ತಕರಾರು 3 ಲಕ್ಷ ಮುಟ್ಟಿದರೆ ಅದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಪಾಲಿಗೆ ಬೀಳುತ್ತದೆ. ತುರ್ತು ತಡೆಯಾಜ್ಞೆಯಂಥದ್ದೇನೂ ಬೇಡವಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಿ ಬರಬೇಕು, ಅದು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ದಾವೆ ತಿರಸ್ಕೃತವಾಯಿತು. ಹಿರಿಯರು ಬೇಸರಪಡದೆ ‘ಪಾಲಿನ ಕೇಸಿದ್ರೆ ಹೇಳಿ’ ಎಂದರು.

ಹಾಗೆ ತಲುಪಿದ್ದು ಶಿವಮೊಗ್ಗದ ಎರಡನೆಯ ವ್ಯಾಖ್ಯಾನಕಾರ್ತಿಯನ್ನು. ಕರಾರಿನ ಕೆಲಸವನ್ನೇ ಮಾಡುವ ಈ ಯುವ ವಕೀಲೆ ಆರೂ ಪತ್ರಗಳನ್ನು ಓದಿ, ಮೊಳೆಯ ಬಳಿ ಒಮ್ಮೆ, ಡೆಲವೇರಿನ ಬಳಿ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು.

‘ಸೈನ್ ಮಾಡೋ ಮುಂಚೆ ಇದನ್ನ ಯಾರಿಗಾದ್ರೂ ತೋರಿಸಿದ್ರಾ?’

‘ದೇವರ ಮುಂದೆ ಇಟ್ಟಿದ್ದೆ ಮೇಡಂ.’

ಮುಂಚೆಯೇ ತಂದಿದ್ದರೆ ಓದಿ ತಿದ್ದಿಕೊಡಲು ಆಗುತ್ತಿದ್ದ ಫೀಸು ಎಷ್ಟೆಂದು ಅವರು ಹೇಳಿದರು. ಭಾವಮೈದುನ ಮನಸ್ಸಿನಲ್ಲೇ ಅದನ್ನು ತಟ್ಟೆಗೆ ಇಳಿಸಿ ಲೆಕ್ಕ ಹಾಕಿದ. ಒಂದು ದಿನದ ಒತ್ತು. ಬಾಕಿ ವಸೂಲಿಗೆ ದಾವೆ ಹೂಡಲು ಮೂರು ವರ್ಷದ ಗಡುವು, ಅದರಲ್ಲಿ ಎರಡು ವರ್ಷ ಆಗಲೇ ‘ಮುಂದಿನ ವಾರ ಹಾಕ್ತೀನಿ’ ಎಂಬ ಮೆಸೇಜುಗಳಲ್ಲಿ ಕಳೆದಿದೆ, ಮಧ್ಯಸ್ಥಿಕೆಗೆ ಹಿಡಿಯುವ ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ಮೆಸೇಜುಗಳನ್ನು ಮಾತ್ರ ಅಳಿಸಬೇಡಿ ಎಂದೂ ತಿಳಿಸಿದರು. ಕೊನೆಗೆ ತಮ್ಮ ಫೀಸಿನ ಕರಾರನ್ನು ಮುಂದಿಟ್ಟರು. ಎರಡು ಪುಟ: ಯಾವ ಹಂತಕ್ಕೆ ಎಷ್ಟು, ಖರ್ಚು ಯಾರದು, ನಡುವೆ ಬಿಟ್ಟರೆ ಏನು.

‘ಮನೆಗೆ ತಗೊಂಡು ಹೋಗಿ, ಪೂರ್ತಿ ಓದಿ, ಆಮೇಲೆ ಸೈನ್ ಮಾಡಿ.’

ಭಾವಮೈದುನ ಆಗಲೇ ಪೆನ್ನಿನ ಟೊಪ್ಪಿ ತೆಗೆದಿದ್ದ. ‘ಅಯ್ಯೋ, ಅದೆಲ್ಲ ಯಾಕೆ ಮೇಡಂ, ನಮ್ಮನಮ್ಮಲ್ಲೇನು’ ಎಂದು ಎರಡೂ ಪುಟಕ್ಕೆ ಸೈನ್ ಹಾಕಿದ.

ಸಾಗರದ ಬಸ್ಸಿನಲ್ಲಿ ಕೂತು ನಾನು ಓದಿದೆ. ಗೋಡೆಯ ವಿಷಯ ಎಲ್ಲೂ ಇಲ್ಲ.